ಟವೆಲ್ ಕೆಳಗೆ ಕೊಂಡ ಗ್ರಾಫಿಕ್ಸ್ ಕಾರ್ಡ್

ಕೊಟ್ಟ ಮಾತನ್ನು ವಾಪಸ್ ತೆಗೆದುಕೊಳ್ಳುವುದಕ್ಕಿಂತ ಒಂದು ಸುಳ್ಳು ಹೇಳುವುದು ಎಷ್ಟೋ ಸುಲಭ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ನಾನು. ಈ ವಿದ್ಯೆ ಮಾತ್ರ ಯಾರೂ ಕಲಿಸದೆ ಬಂತು. ಸಿರ್ಗಾಪುರದ ಕಡೆ ಕುರಿ ಸಾಕುವ ಮನೆತನ ನಮ್ಮದು. ಕುರಿ ವ್ಯಾಪಾರದಲ್ಲಿ ನಾವು ಬಾಯಿಬಿಟ್ಟು ದರ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿ, ಬೆರಳು ಒತ್ತಿ ದರ ಕುದುರಿಸುತ್ತೇವೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಟವೆಲ್ ತೆಗೆದರೆ ಮುಗಿಯಿತು. ಆಮೇಲೆ ಕುರಿ ಕುಂಟಲಿ, ಕೆಮ್ಮಲಿ, ತಿರುಗಿ ಕೊಡುವ ಮಾತಿಲ್ಲ. ನಮ್ಮಪ್ಪ ಹೀಗೆ ಕೊಂಡ ಒಂದು ಟಗರು ಹೆಣ್ಣು ಕುರಿಗಳನ್ನು ಕಂಡರೆ ಹೆದರಿ ಓಡುತ್ತಿತ್ತು. ಅಪ್ಪ ಹಲ್ಲು ಕಚ್ಚಿಕೊಂಡು ಅದನ್ನು ಕೊನೆಯ ತನಕ ಮೇಯಿಸಿದ. ಅಂಥ ಮಾನವಂತರು ನಾವು.

ನನ್ನ ತಂಗಿ ಶರಣಮ್ಮ ಈ ಮಾನದ ಗೊಡವೆಗೆ ಹೋಗದವಳು. ನಾರಾಯಣಖೇಡದಲ್ಲಿ ಡಿಗ್ರಿ ಓದುತ್ತಿದ್ದಳು. ಪ್ರತ್ಯೇಕ ರಾಜ್ಯದ ಹೋರಾಟ ಜೋರಾಗಿದ್ದ ಕಾಲ. ಕಾಲೇಜು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಮನೆಯಲ್ಲಿ ಕೂತವಳು ಊರ ಹೆಂಗಸರಿಗೆ ಜಂಪರ್ ಹೊಲಿದು ಕೂಡಿಸಿದ ದುಡ್ಡಿನಲ್ಲಿ ಒಂದು ಹಳೇ ಕಂಪ್ಯೂಟರ್ ತಂದಳು. ಅದರಲ್ಲಿ ಕಾರು ಓಡಿಸುವ ಆಟ ಆಡಲು ಹಿಡಿದಳು. ಅವ್ವ ಮೊದಮೊದಲು ಬೈದಳು. ಆಮೇಲೆ ತಾನೇ ಹಿಂದೆ ನಿಂತು, "ಎಡಕ್ಕ ಹೊಳ್ಳಸ, ಗ್ವಾಡಿಗಿ ಬಡೀತಿ!" ಎಂದು ಕೂಗತೊಡಗಿದಳು.

ಅಷ್ಟರಲ್ಲಿ ಜಹೀರಾಬಾದಿನ ಕಂಪ್ಯೂಟರ್ ಅಂಗಡಿಯ ಸೇಠರು ಈ ಕಾರಿನ ಆಟದ ಪಂದ್ಯ ಇಟ್ಟರು. ಅವರವರ ಕಂಪ್ಯೂಟರ್ ಅವರವರೇ ತರಬೇಕು. ಶರಣಿ ಹೆಸರು ಬರೆಸಿದಳು. ಅವಳ ಕಂಪ್ಯೂಟರ್ ಎಂಥದೆಂದು ಕೇಳಿ ತಿಳಿದ ಅಲ್ಲಿಯ ಹುಡುಗರು, "ಅಕ್ಕಾ, ನಿಮ್ದು ಕಾರಲ್ಲ, ಬಂಡಿ" ಎಂದು ನಕ್ಕರಂತೆ. ಅವರು ಅಂದದ್ದು ಸುಳ್ಳಲ್ಲ, ನಮ್ಮ ಕಂಪ್ಯೂಟರಿನಲ್ಲಿ ಕಾರು ನಾಲ್ಕು ಮಾರು ಓಡಿ ನಿಂತು ಯೋಚನೆ ಮಾಡುತ್ತಿತ್ತು. ಶರಣಿಯ ಹಟ ನಿಮಗೆ ಗೊತ್ತಿಲ್ಲ. ಇದ್ದ ದುಡ್ಡಿನಲ್ಲಿ ಯಾವ ಭಾಗ ಬದಲಿಸಬೇಕು, ಯಾವುದನ್ನು ಬಿಡಬೇಕು ಎಂದು ಹೊಲಿಗೆ ಯಂತ್ರದ ಮುಂದೆ ಕೂತು ವಾರವಿಡೀ ಲೆಕ್ಕ ಹಾಕಿದಳು. ಮಾನಿಟರ್ ಹಳೇದೇ ಇರಲಿ. ರ‍್ಯಾಮ್ ಮುಂದೆ ನೋಡೋಣ. ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಕೇ ಬೇಕು.

ಜಹೀರಾಬಾದಿನ ಸಂತೆಗೆ ಹೊರಟ ನನಗೆ ದುಡ್ಡು ಕೊಟ್ಟು ಹೇಳಿದಳು: "ಅಣ್ಣಾ, ಎರಡು ಸಾಮಾನು. ಕಾರ್ಡ್ ಭಾಳ ದೊಡ್ಡದು ಬ್ಯಾಡ, ನಡುವಿಂದು ಸಾಕು. ಅದರ ಸಂಗಾಟ ಪವರ್ ಸಪ್ಲೈ. ಅದು ಕಾರ್ಡಿಗಿ ಕರೆಂಟ್ ಉಣಸೋ ಡಬ್ಬಿ. ಎರಡೂ ಜೋಡಿ. ತಿಳೀತಿಲ್ಲೋ?"

"ಟಗರು ಹಿಡದವಗ ಮೇವು ತರದು ನೀ ಹೇಳಿಕೊಡ್ತಿ ಏನು?" ಎಂದೆ. ಇಷ್ಟು ಸರಿಯಾಗಿ ತಿಳಿದ ಮಾತನ್ನು ಇಷ್ಟು ಬೇಗ ಮರೆತವನು ಸುತ್ತಲ ಮೂರು ತಾಲೂಕುಗಳಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ.

ಸೇಠರ ಅಂಗಡಿಯಲ್ಲಿ ನಡುವಿನ ಕಾರ್ಡ್ ಪುಟ್ಟದಾಗಿ ಕಂಡಿತು. ಪಕ್ಕದಲ್ಲಿ ಎರಡು ಫ್ಯಾನಿನ ದೊಡ್ಡದೊಂದು ಕೊಬ್ಬಿದ ಟಗರಿನ ಹಾಗೆ ಕೂತಿತ್ತು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಸೇಠರ ಕೈ ಮೇಲೆ ಹಾಕಿ ಬೆರಳು ಹಿಡಿದೆ.

"ಅರೆ ಭಾಯ್, ನಾಡಿ ನೋಡ್ತೀರಿ ಏನು?" ಎಂದು ಬೆಚ್ಚಿದರು. ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಅವರ ಅಜ್ಜ ಎತ್ತಿನ ವ್ಯಾಪಾರಿಯಂತೆ. ಬೆರಳಿನ ಭಾಷೆ ಅವರಿಗೂ ಬರುತ್ತಿತ್ತು. ಅವರು ಒಂದೊಂದೇ ಬೆರಳು ಇಳಿಸುತ್ತ ಬಂದಂತೆ ನನ್ನ ಎದೆ ಉಬ್ಬುತ್ತ ಹೋಯಿತು. ಕೊನೆಗೆ ಇದ್ದ ದುಡ್ಡೆಲ್ಲ ಆ ಒಂದು ಕಾರ್ಡಿಗೇ ಸರಿಹೋಯಿತು. ಟವೆಲ್ ತೆಗೆಯುವ ಮೊದಲು ಸೇಠರು, "ಇದಕ್ಕ ದೊಡ್ಡ ಪವರ್ ಸಪ್ಲೈ ಬೇಕಾಗ್ತದ್ರಿ, ಮನ್ಯಾಗ ಅದ ಇಲ್ಲೋ?" ಎಂದು ಕೇಳಿದ್ದು ನಿಜ. ಗೆಲ್ಲುವ ಹೊತ್ತಿನಲ್ಲಿ ಯಾರು ಇಲ್ಲ ಅನ್ನುತ್ತಾರೆ? "ಎಲ್ಲಾ ಅದರಿ" ಎಂದೆ.

ಮನೆಯಲ್ಲಿ ಕಾರ್ಡ್ ಹಾಕಿದಳು. ಫ್ಯಾನು ಒಂದು ಸುತ್ತು ತಿರುಗಿತು, ಕಂಪ್ಯೂಟರ್ ಕಣ್ಣು ಮುಚ್ಚಿತು. ಮತ್ತೆ ಒತ್ತಿದಳು, ಮತ್ತೆ ಮುಚ್ಚಿತು.

"ಪವರ್ ಸಪ್ಲೈ ಎಲ್ಲದ ಅಣ್ಣಾ?"

ಅವಳ ಮುಖ ನೋಡಿದೆ. ಎಷ್ಟು ಜಂಪರುಗಳ ಗುಂಡಿ, ಕಾಜಾ ಆ ಮುಖದಲ್ಲಿ ಕಂಡವೋ. "ಸೇಠ ಬ್ಯಾಡ ಅಂದ. ಇದೊಂದೇ ಸಾಕಾಗ್ತದ ಅಂದ" ಎಂದುಬಿಟ್ಟೆ.

"ಕಳ್ಳ ಸೇಠ!" ಎಂದಳು. ಅವ್ವ ಅವನ ಅಂಗಡಿಗೆ ಬೆಂಕಿ ಬೀಳಲಿ ಎಂದು ಹರಸಿದಳು. ನಾನೂ ಸಣ್ಣಗೆ ತಲೆಯಾಡಿಸಿದೆ. ಬರುವ ಐತವಾರವೇ ಪಂದ್ಯ. ಶರಣಿ ಅಳಲಿಲ್ಲ; ಕಾರ್ಡ್ ಡಬ್ಬಿಯಲ್ಲಿಟ್ಟು ಸುಮ್ಮನೆ ಹೊಲಿಯಲು ಕೂತಳು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

ಮಾನ ಹೋದರೆ ಹೋಗಲಿ, ಈ ಕಾರ್ಡ್ ವಾಪಸ್ ಕೊಟ್ಟೇ ಬರುತ್ತೇನೆ ಎಂದು ಮರುದಿನ ಗಟ್ಟಿ ಮನಸ್ಸು ಮಾಡಿದೆ. ಅವತ್ತೇ ಬಂದ್. ಬಸ್ಸಿಲ್ಲ. ಮೋಟರ್ ಸೈಕಲ್ ಹತ್ತಿದೆ. ದಾರಿಯಲ್ಲಿ ಹೋರಾಟದವರು ರಸ್ತೆಯ ಮೇಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಒಬ್ಬ ಅಡ್ಡ ಬಂದು, "ಬಂದ್ ಇದ್ದಾಗ ಎಲ್ಲಿಗಿರಿ ಸವಾರಿ?" ಎಂದ.

"ತಂಗಿ ಕಂಪ್ಯೂಟರಿಗಿ ಕರೆಂಟ್ ಸಾಲವಲ್ದರಿ."

"ನಮ್ಮ ಊರಿಗೇ ಸಾಲವಲ್ದು, ನಿಮ್ಮ ಕಂಪ್ಯೂಟರಿಗಿ ಎಲ್ಲಿಂದ ತರೋಣು? ಮದಲ ಕೂಡ್ರಿ, ಉಣ್ರಿ" ಎಂದು ಕೂಡಿಸಿದ. ರಾಜ್ಯಕ್ಕಾಗಿ ನಾನು ಮಾಡಿದ ತ್ಯಾಗವೆಂದರೆ ಅವತ್ತು ಎರಡು ತಟ್ಟೆ ಅನ್ನ ಸಾರು ಉಂಡದ್ದು. ಉಂಡವನನ್ನು ಅವರೇ ದಾರಿ ಮಾಡಿ ಬಿಟ್ಟರು.

ಸೇಠರ ಅಂಗಡಿಯ ಶಟರ್ ಇಳಿದಿತ್ತು. ಹಿಂದಿನ ಮನೆಯ ಬಾಗಿಲು ಬಡಿದೆ. ತಲೆ ತಗ್ಗಿಸಿ ಕಾರ್ಡ್ ಮುಂದಿಟ್ಟು, "ಟವೆಲಿನ ಮಾತು ಮುರಿಲಾಕ ಬಂದೀನ್ರಿ" ಎಂದೆ. ಸೇಠರು ಅದನ್ನು ತೆಗೆದು ಪಕ್ಕಕ್ಕಿಟ್ಟರು. ಅದೇ ದುಡ್ಡಿಗೆ ನಡುವಿನ ಕಾರ್ಡ್, ಪವರ್ ಸಪ್ಲೈ ಎರಡನ್ನೂ ತಂದು ಕೊಟ್ಟರು, ಮೇಲೊಂದು ಚಹಾ. "ತಂಗಿಗಿ ಹೇಳ್ರಿ, ಬಿಂದಾಸ್ ಆಡಲಿ" ಎಂದರು.

ಕಂಪ್ಯೂಟರ್ ಶುರುವಾಯಿತು, ಕಾರು ಹಾವಿನಂತೆ ಸರಸರ ಹರಿಯಿತು. ಶರಣಿ ಹಿಗ್ಗಿ ಕೇಳಿದಳು: "ಆ ಸೇಠಗ ಛಲೋ ಬೈದಿಲ್ಲೋ?"

"ಬೈದೆ" ಎಂದೆ.

"ನಾನೂ ಐತವಾರ ಎಲ್ಲಾರ ಮುಂದ ಕೇಳಾಕಿನೇ ಇದ್ದೀನಿ."

ಅಲ್ಲಿಂದ ಐತವಾರದ ತನಕ ನಾನು ಕುರಿ ಬಿಟ್ಟು ಮನೆ ಕಡೆ ಸುಳಿಯಲಿಲ್ಲ. ಅವತ್ತು ಅವಳನ್ನು ಹಿಂದೆ ಕೂಡಿಸಿಕೊಂಡು, ಅವಳ ತೊಡೆಯ ಮೇಲೆ ಕಂಪ್ಯೂಟರ್ ಪೆಟ್ಟಿಗೆ ಇಟ್ಟು ಹೊರಟೆ. ಊರು ದಾಟುತ್ತಲೇ ಎಲ್ಲ ಹೇಳಿಬಿಟ್ಟೆ. ಗಾಡಿಯ ಮೇಲೆ ಒಂದು ಅನುಕೂಲವಿದೆ. ಹಿಂದೆ ಕೂತವರ ಮುಖ ನೋಡಬೇಕಾಗಿಲ್ಲ.

"ಗಾಡಿ ನಿಂದರಸು" ಎಂದಳು ಶರಣಿ. ನಿಲ್ಲಿಸಿದೆ. ಇಳಿದು ಪೆಟ್ಟಿಗೆಯನ್ನು ನನ್ನ ಕೈಗಿತ್ತಳು. "ನೀ ಹಿಂದ ಕೂಡು. ಇದನ ಹಿಡಕೊ. ಮಾತಾಡಬ್ಯಾಡ" ಎಂದು ತಾನೇ ಹ್ಯಾಂಡಲ್ ಹಿಡಿದಳು.

ಹೀಗೆ ಜಹೀರಾಬಾದಿನ ನಡುಬಜಾರಿನಲ್ಲಿ, ಮೀಸೆ ಹೊತ್ತ ನಾನು ತಂಗಿಯ ಹಿಂದೆ ಪೆಟ್ಟಿಗೆ ಅಪ್ಪಿಕೊಂಡು ಕೂತು ಮೆರವಣಿಗೆ ಹೋದೆ. ಅಂಗಡಿಯ ಮುಂದೆ ಇಳಿದವಳೇ ಅವಳು ಸೇಠರಿಗೆ ಎಲ್ಲರ ಮುಂದೆ ಕೈ ಮುಗಿದು, "ನಿಮಗ ಕಳ್ಳ ಅಂದಿದ್ದೆರಿ. ತಪ್ಪಾತು" ಎಂದಳು. ಯಾಕೆಂದು ಸೇಠರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದರು. ನಾನು ಪೆಟ್ಟಿಗೆ ಒರೆಸುತ್ತಿದ್ದೆ.

ಪಂದ್ಯದಲ್ಲಿ, ಬಂಡಿ ಎಂದು ನಕ್ಕ ಹುಡುಗರನ್ನೆಲ್ಲ ಹಿಂದೆ ಹಾಕಿ, ಕೊನೆಯ ಸುತ್ತಿನಲ್ಲಿ ಬೇರೆ ಊರಿನವನೊಬ್ಬನಿಗೆ ಕೂದಲೆಳೆಯಲ್ಲಿ ಸೋತಳು. ಹುಡುಗರು ಬಂದು, "ಅಕ್ಕಾ, ಸಾಮಾನು ಭಾರಿ ಅವರಿ. ಯಾರು ಆರಿಸಿ ತಂದರು?" ಎಂದು ಕೇಳಿದರು. ನಾನು ಗಂಟಲು ಸರಿಪಡಿಸಿಕೊಂಡೆ. ಅವಳು ತಿರುಗಿ ನೋಡಿದಳು, ಅಷ್ಟೇ.

ಬರುವಾಗಲೂ ನಾನೇ ಹಿಂದೆ ಕೂತೆ.