ಸೂರ್ಯನ ಕಲೆ, ಜಾನಕಿಬಾಯಿಯ ಸಂಡಿಗೆ

ವಿದ್ಯಾಗಿರಿಯ ಆ ಮನೆಯಲ್ಲಿ ಜಗಳ ಹತ್ತಿದ್ದು ಬಿಸಿಲಿಗಾಗಿ. ಬಾಗಲಕೋಟೆಯಲ್ಲಿ, ಅದೂ ಮೇ ತಿಂಗಳಲ್ಲಿ, ಬಿಸಿಲಿಗೆ ಬರವೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಬಿಸಿಲು ಬೀಳುವ ಮಾಳಿಗೆ ಚಿಕ್ಕದು. ನಟ್ಟನಡುವೆ ಬಾಡಿಗೆಗಿದ್ದ ಮಧುಸೂದನನ ದುರ್ಬೀನು. ಮೂಲೆಯಲ್ಲಿ ಮನೆಯೊಡತಿ ಜಾನಕಿಬಾಯಿಯ ಸಂಡಿಗೆ.

“ಇವತ್ತೊಂದು ದಿನ ನೋಡ್ತೇನಿ, ಮಾಸ್ತರ. ನಿಮ್ಮ ಸೂರ್ಯ ಏನರೆ ಹೇಳಿದ್ರ ಮಾಳಿಗಿ ನಿಮ್ದು. ಇಲ್ಲಂದ್ರ ನಾಳಿಂದ ಪೂರ್ತಿ ನನ್ನ ಸಂಡಿಗಿಗೆ.”

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಧುಸೂದನ ಒಪ್ಪಿದ. ಸೂರ್ಯನ ಮೇಲೆ ಎದ್ದಿದ್ದ ದೊಡ್ಡ ಕಪ್ಪು ಕಲೆ ನಾಳೆ ಅಂಚಿಗೆ ಸರಿದು ಮರೆಯಾಗುವುದಿತ್ತು.

“ಆ ಕಲಿಯೊಳಗ ಏನದ?” ಎನ್ನುತ್ತ ಪಕ್ಕದ ಮನೆಯ ಸತ್ಯಬೋಧರು ಚಹಾ ಹಿಡಿದೇ ಮೆಟ್ಟಿಲೇರಿ ಬಂದರು.

“ಭಾಳ ಕಾಂತಶಕ್ತಿ ಅದ ರೀ. ಬೆಳಕು ಅಂದ್ರ ಕೆದರಿದ ಕೂದಲಾ ಇದ್ದಂಗ. ಆ ಕಾಂತ ಅದನ್ನ ಬಾಚಿ ಒಂದ ಕಡಿ ಕೂಡಿಸ್ತದ. ದುರ್ಬೀನಿನ ಹಿಂದಿನ ಈ ಗಾಜು ತಿರುವಿದಾಗ ಬೆಳಕು ಅಳಿಯೂ ಮಾಪಕದ ಮುಳ್ಳು ಆಡಿದ್ರ, ಬಾಚಿದ್ದು ಖರೆ.”

“ಸೂರ್ಯಂದು ಇರ್ಲಿ, ಮೊದಲ ನಿಮ್ಮ ತಲಿ ಬಾಚ್ಕೋರಿ!” ಎಂದರು ಸತ್ಯಬೋಧರು.

ಬಿಸಿಲಿನ ಬೆಳಕಿಗೆ ಮಾಪಕದ ಮುಳ್ಳು ಕಾಣದೆಂದು ಮಧುಸೂದನ ಕರಿ ಕಂಬಳಿ ಹೊದ್ದು, ಕೆಂಡದ ಮೇಲಿಟ್ಟ ಬದನೆಕಾಯಿಯಂತೆ ಬೇಯುತ್ತ ಕುಳಿತ. ಗಾಜು ತಿರುವಿದ. ಮುಳ್ಳು ಮುನಿದ ಅಳಿಯನಂತೆ ಮಿಸುಕಲಿಲ್ಲ. “ಎಡಕ್ಕ ತಿರುವ್ರಿ” ಎಂದು ತೋರಿಸಹೋದ ಸತ್ಯಬೋಧರು ಸ್ಟ್ಯಾಂಡಿಗೆ ಎಡವಿದರು, ದುರ್ಬೀನು ದಿಕ್ಕು ತಪ್ಪಿತು. ಸೂರ್ಯ ಅಲ್ಲೇ ಇದ್ದ. ದುರ್ಬೀನಿಗೆ ಮಾತ್ರ ಊಟದ ಹೊತ್ತಿನವರೆಗೂ ಸಿಗಲಿಲ್ಲ.

ಊಟ ಮುಗಿಸಿ ಬಂದು ಮತ್ತೆ ಕಂಬಳಿಯೊಳಗೆ ಹೊಕ್ಕು ಗಾಜು ತಿರುವಿದ. ಮುಳ್ಳು ಆಡಿತು!

“ಆಡ್ತು! ಆಡ್ತು!” ಕಂಬಳಿಯೇ ಕುಣಿಯಿತು. ಸತ್ಯಬೋಧರು ಸಕ್ಕರೆ ಹಂಚಿದರು. ಜಾನಕಿಬಾಯಿಯ ಮುಖ ಸಣ್ಣದಾಯಿತು.

“ಮಾತು ಅಂದ್ರ ಮಾತು. ಮಾಳಿಗಿ ನಿಮ್ದು. ನನ್ನ ಸಂಡಿಗಿ ಹಾಕೂ ಪ್ಲಾಸ್ಟಿಕ್ ಹಾಳಿ ಅಷ್ಟ ಕೊಡ್ರಿ.”

“ಯಾವ ಹಾಳಿ?”

“ನೀವು ಊಟಕ್ಕ ಇಳದ್ರಿ, ಕಾಗಿ ಬಂದ್ವು. ಹೊಲಸು ಮಾಡ್ಯಾವು ಅಂತ ನಿಮ್ಮ ಕೊಳವಿ ಬಾಯಿಗೆ ನಾಕ ಮಡಿಕಿ ಮಾಡಿ ಓರಿಗೆ ಕಟ್ಟೇನಲ್ಲ!”

ಮಧುಸೂದನ ಹಾಳೆ ಬಿಚ್ಚಿ ಮತ್ತೆ ಗಾಜು ತಿರುವಿದ. ಮುಳ್ಳು ಸತ್ತಂತೆ ನಿಂತಿತು. ಬೆಳಕನ್ನು ಬಾಚಿದ್ದು ಸೂರ್ಯನ ಕಲೆಯಲ್ಲ, ಓರೆಯಾಗಿ ಕಟ್ಟಿದ ಸಂಡಿಗೆಯ ಪಾರದರ್ಶಕ ಹಾಳೆಯ ಪದರಗಳು.

ಸುಮ್ಮನಿದ್ದರೆ ಮಾಳಿಗೆ ಅವನದೇ. ಆದರೆ ಮನಸ್ಸು ಒಪ್ಪಲಿಲ್ಲ, ಮುಳ್ಳು ಆಡಿಸಿದ್ದು ಹಾಳೆಯೆಂದು ಹೇಳಿಬಿಟ್ಟ. ಎದೆ ಹಗುರಾಯಿತು. ಕಾಲೇಜಿಗೆ ಇನ್ನೂ ಫೋನ್ ಮಾಡಿರಲಿಲ್ಲ, ಪುಣ್ಯ! ನಿಟ್ಟುಸಿರು ಬಿಟ್ಟು ಸ್ಟ್ಯಾಂಡ್ ಬಿಚ್ಚತೊಡಗಿದ.

“ಬಿಚ್ಚಬ್ಯಾಡ್ರಿ,” ಎಂದರು ಜಾನಕಿಬಾಯಿ ಮೆತ್ತಗೆ. “ಅದೂ ಇರ್ಲಿ, ನೀವೂ ಇರ್ರಿ. ಬ್ಯಾಸಗಿ ಮುಗಿಯೂಮಟ ದಿನಾ ಕೂಡ್ರಿ.”

ಮಧುಸೂದನನ ಕಣ್ಣು ತುಂಬಿತು. “ಖರೇನ?”

“ಖರೆ. ಕಂಬಳಿ ಮಾತ್ರ ತಗೀಬ್ಯಾಡ್ರಿ. ನೀವು ಅದನ್ನ ಹೊತ್ಕೊಂಡು ಕೂತಾಗ ಸಂಡಿಗಿ ಹತ್ರ ಒಂದು ಕಾಗಿ ಸುಳೀಲಿಲ್ಲ ನೋಡ್ರಿ!”