ಕಿವಿ ಮುಟ್ಟಿದ ಕೈ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಕರಿಬಸವಯ್ಯನವರಿಗೆ ಇವತ್ತಿಗೂ ಎದ್ದು ಓಡಬೇಕೆನಿಸುತ್ತಿತ್ತು. ಚಿಕ್ಕಂದಿನಲ್ಲಿ ಶನಿವಾರ ಬಂತೆಂದರೆ ಅವರ ಅವ್ವ ಎಣ್ಣೆ ಬಟ್ಟಲು ಹಿಡಿದು ಹಿತ್ತಿಲೆಲ್ಲ ಅಟ್ಟಾಡಿಸಿ, ಹಿಡಿದು ಕೂರಿಸಿ, "ಕೈಕಾಲು ಉದ್ದ ಬರ್ಲಿ ಕಣಪ್ಪ" ಎಂದು ರೊಟ್ಟಿ ಹಿಟ್ಟಿನಂತೆ ನಾದುತ್ತಿದ್ದಳು. ಕೈಕಾಲು ಎಷ್ಟು ಬರಬೇಕೋ ಅಷ್ಟೇ ಬಂದವು. ವಾಸನೆ ಮಾತ್ರ ತಲೆ ನೆರೆತರೂ ಹೋಗಿರಲಿಲ್ಲ.

ಅಂಥವರು ಆ ಗುರುವಾರ ಬೆಳಿಗ್ಗೆ ಒಂಟಿಕೊಪ್ಪಲಿನ ತಮ್ಮ ಮನೆಯ ಜಗಲಿಯ ಮೇಲೆ ತಾವೇ ಆ ಎಣ್ಣೆ ಕಾಯಿಸಿಕೊಂಡು ಕೂತು, ಮೊಮ್ಮಗಳು ಪಂಕಜಳ ಬಲಗೈ ನೀವುತ್ತಿದ್ದರು.

ಶಾಲೆಗೆ ಸೇರಿಸಿಕೊಳ್ಳಲು ಆಗ ಇದ್ದದ್ದು ಒಂದೇ ಅಳತೆ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು; ಮುಟ್ಟದಿದ್ದರೆ ಬರುವ ವರ್ಷ ನೋಡೋಣ. ಸೋಮವಾರ ಪಂಕಜಳ ಬೆರಳು ಕಿವಿಯ ಹತ್ತಿರದವರೆಗೂ ಹೋಗಿ, ಕರೆಯದೆ ಬಂದ ನೆಂಟನಂತೆ, ಒಳಗೆ ಹೋಗಲೋ ಬೇಡವೋ ಎಂದು ನಿಂತುಬಿಟ್ಟಿತ್ತು. "ಗುರುವಾರ ಕಡೇ ದಿನ. ಇನ್ನೊಂದ್ಸಲ ಕರ್ಕೊಂಡ್ ಬನ್ನಿ, ನೋಡೋಣ" ಎಂದು ಹೆಡ್ ಮಿಸ್ ಗಿರಿಜಾಂಬಾ ಹೇಳಿ ಕಳಿಸಿದ್ದರು.

ಈ ವರ್ಷ ತಪ್ಪಿದರೆ ಮಗುವಿಗೇನೂ ನಷ್ಟವಿರಲಿಲ್ಲ. ನಷ್ಟವೆಲ್ಲ ತಾತನದು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು; ಹೆಂಡತಿ ಮಗಳ ಬಾಣಂತನಕ್ಕೆಂದು ನಂಜನಗೂಡಿಗೆ ಹೋಗಿ ಅಲ್ಲೇ ನೆಲೆಯೂರಿದ್ದಳು. ಮುನಿಸಿಪಾಲಿಟಿಯ ಕುರ್ಚಿ ಸವೆಸಿದ ಅಷ್ಟೂ ವರ್ಷ ಕರಿಬಸವಯ್ಯನವರು ಆಸೆಪಟ್ಟದ್ದು ಮಧ್ಯಾಹ್ನದ ಒಂದು ಕೋಳಿನಿದ್ದೆಗೆ. ನಿವೃತ್ತಿ ಬಂತು, ಜೊತೆಗೆ ಪಂಕಜಳೂ ಬಂದಳು. ಅವರು ಕಣ್ಣು ಮುಚ್ಚಿದ್ದೇ ತಡ, ಪುಟ್ಟ ಬೆರಳಿನಿಂದ ರೆಪ್ಪೆ ಎತ್ತಿ, "ತಾತ, ಒಳಗಿದೀಯಾ?" ಎಂದು ಇಣುಕಿ ಕೇಳುತ್ತಿದ್ದಳು.

"ಹಂಗಲ್ಲ ಕಣಮ್ಮ, ಕತ್ತು ನೆಟ್ಟಗಿಟ್ಕೋಬೇಕು. ನನ್ನ ನೋಡು" ಎಂದು ಕರಿಬಸವಯ್ಯನವರು ತಮ್ಮ ಬಲಗೈಯೆತ್ತಿ ನೆತ್ತಿಯ ಮೇಲಿಂದ ಹಾಯಿಸಿದರು. ಹೆಗಲಿನಲ್ಲಿ ಹಪ್ಪಳ ಮುರಿದಂತೆ ಲಟಕ್ಕೆಂದಿತು. ಕೈ ಕಿವಿಯನ್ನೇನೋ ಮುಟ್ಟಿತು, ವಾಪಸು ಬರಲೊಲ್ಲದು. ಕತ್ತು ಬಲಕ್ಕೆ ವಾಲಿ ಅಲ್ಲೇ ಹಿಡಿದುಕೊಂಡಿತು. ಬಿಚ್ಚಿದ ಮೇಲೆ ಮಡಚಲು ಬಾರದ ತುಕ್ಕು ಹಿಡಿದ ಛತ್ರಿಯಂತೆ ಅವರು ಕೂತರು.

"ನಿಂದು ಮುಟ್ತು ತಾತ. ಇನ್ನು ಇಳ್ಸು" ಎಂದಳು ಪಂಕಜ.

"ಇಳೀತಿಲ್ಲ ಕಣೇ."

ಪಕ್ಕದ ಮನೆಯ ಮಂಜುಳಮ್ಮ ಗೋಡೆಯಾಚೆಯಿಂದ ಇಣುಕಿದರು. "ಏನ್ರೀ ಕರಿಬಸವಯ್ಯನೋರೆ, ಬೆಳ್ಬೆಳಿಗ್ಗೇನೆ ತಲೆ ಮೇಲೆ ಕೈ ಹೊತ್ಕೊಂಡ್ ಕೂತಿದೀರಲ್ಲ. ನಂಜನಗೂಡಿಂದ ಏನಾದ್ರೂ ಸುದ್ದಿ ಬಂತೇ?"

"ಸುದ್ದೀನೂ ಇಲ್ಲ, ಏನೂ ಇಲ್ಲ. ಕೈ ಹಿಡ್ಕೊಂಬುಟ್ಟಿದೆ."

"ಹಂಗೇ ಅಂದ್ಕೊಂಡು ಸಮಾಧಾನ ಮಾಡ್ಕೋಬೇಕು" ಎಂದು ಮಂಜುಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರಿಗೆ ವಿಷಯ ತಿಳಿಯಪಡಿಸುವಷ್ಟರಲ್ಲಿ ಎದುರುಮನೆಯವರು ಚಪ್ಪಲಿ ಕಳಚಿ ಬಂದು ತಲೆ ತಗ್ಗಿಸಿ ನಿಂತಿದ್ದರು. ಅವರ ಹಿಂದಿನ ಮನೆಯವರು ದೇವರಾಜ ಮಾರುಕಟ್ಟೆಗೆ ಹಾರ ತರಲು ಆಗಲೇ ಆಳು ಅಟ್ಟಿದ್ದರು.

ಬೀದಿ ಕೊನೆಯ ಸೈಕಲ್ ಶಾಪಿನ ಚಿಕ್ಕಣ್ಣ ಮಾತ್ರ ಅಳಲು ಬಂದವನಲ್ಲ. "ಎಂತೆಂಥ ಬೆಂಡಾದ ಹ್ಯಾಂಡ್ಲು ನೆಟ್ಟಗ್ ಮಾಡಿವ್ನಿ. ಇದ್ಯಾವ ಲೆಕ್ಕ ಬುಡಿ ಸೋಮಿ" ಎಂದು ಮೊಣಕೈಗೆ ಕೈ ಹಾಕಿ ಒಂದು ಸಲ ಜಗ್ಗಿದ. ಕರಿಬಸವಯ್ಯನವರು ಬಿಟ್ಟ ಕೂಗಿಗೆ ಜಟಕಾ ಸ್ಟ್ಯಾಂಡಿನ ಕುದುರೆ ಕಿವಿ ನಿಮಿರಿಸಿತು. ಕೈ ಇನ್ನೂ ಒಂದಿಷ್ಟು ಬಿಗಿಯಾಯಿತು.

"ನಟ್ಟು ಜಾಮ್ ಆಗದೆ" ಎಂದು ಚಿಕ್ಕಣ್ಣ ತೀರ್ಪು ಕೊಟ್ಟ.

ಶಾಲೆಯ ಹೊತ್ತಾಗಿತ್ತು. ತೋಳು ಅಂಗಿಯೊಳಗೆ ಹೋಗದೆ ಕರಿಬಸವಯ್ಯನವರು ಶಲ್ಯ ಹೊದ್ದು ಹೊರಟರು. ಬಲಗೈ ತಟ್ಟೆಗೂ ಬಾಯಿಗೂ ಬರುವಂತಿರಲಿಲ್ಲ, ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪಲಿಲ್ಲ, ಬರೀ ಹೊಟ್ಟೆ. ಮಗುವಿನ ಕೈ ಹಿಡಿದುಕೊಳ್ಳಲು ಮಂಜುಳಮ್ಮ ಜೊತೆಗೆ ಬಂದರು. ದಾರಿಯುದ್ದಕ್ಕೂ ಎದುರಾದವರಿಗೆಲ್ಲ, "ಯಾರೂ ಹೋಗಿಲ್ಲ, ಯಾರೂ ಹೋಗಿಲ್ಲ" ಎಂದು ಅವರೇ ಸಾರುತ್ತ ನಡೆದರು. ಕೇಳಿದವರಿಗೆ ಅನುಮಾನ ಹೆಚ್ಚಾಯಿತು.

ಗಿರಿಜಾಂಬಾ ಮೇಜಿನ ಹಿಂದಿನಿಂದ ತಾತನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು.

"ಇಬ್ಬರಲ್ಲಿ ಸೇರೋರು ಯಾರು?"

"ಮಗೂನೇ, ತಾಯಿ" ಎಂದರು ಕರಿಬಸವಯ್ಯ, ವಾಲಿದ ಕತ್ತಿನಿಂದಲೇ.

"ನಿಮ್ಮ ಕೈ ಚೆನ್ನಾಗಿ ಮುಟ್ಟಿದೆ, ಅದಕ್ಕೆ ಕೇಳ್ದೆ. ಎಲ್ಲಿ ಪುಟ್ಟಿ, ನೀನು ಮುಟ್ಟು."

ಪಂಕಜ ಸೈನಿಕನಂತೆ ಕತ್ತು ನೆಟ್ಟಗಿಟ್ಟು ಕೈ ಹಾಯಿಸಿದಳು. ಬೆರಳ ತುದಿ ಕಿವಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಕರಿಬಸವಯ್ಯನವರ ಕಣ್ಣ ಮುಂದೆ ಇನ್ನೊಂದು ವರ್ಷದ ಮಧ್ಯಾಹ್ನಗಳೆಲ್ಲ ರೆಪ್ಪೆ ಎತ್ತಿಸಿಕೊಂಡು ಸಾಲಾಗಿ ಹಾದುಹೋದವು.

"ತಾತನ ಥರ ಮಾಡ್ಲಾ ಮಿಸ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಪಂಕಜ ತಾತನಂತೆಯೇ ಕತ್ತನ್ನು ಬಲಕ್ಕೆ ವಾಲಿಸಿದಳು. ಎಡಗಿವಿ ತಾನೇ ಮೇಲೆ ಬಂದು ಬೆರಳಿಗೆ ಸಿಕ್ಕಿತು. ಹಿಡಿದು ಒಂದು ಸಲ ಎಳೆದೂ ತೋರಿಸಿದಳು.

ಕತ್ತು ವಾಲಿಸಬಾರದೆಂದು ಗಿರಿಜಾಂಬಾ ಅವರಿಗೆ ಗೊತ್ತಿರಲಿಲ್ಲವೆ? ಆದರೆ ಅಷ್ಟು ಹೊತ್ತಿಗೆ ಸರಿಯಾಗಿ ಅವರ ಕನ್ನಡಕಕ್ಕೆ ಧೂಳು ಬಿದ್ದಿತ್ತು. ಅದನ್ನು ತೆಗೆದು ಸೆರಗಿನಿಂದ ನಿಧಾನವಾಗಿ ಒರೆಸುತ್ತ, "ಮುಟ್ಟಿತಲ್ಲ. ಇವತ್ತೇ ಕೂರ್ಲಿ ಬಿಡಿ. ನೀವು ಹೋಗಿ ಸ್ವಲ್ಪ ಮಲಕ್ಕೊಳ್ಳಿ ಯಜಮಾನ್ರೆ, ನೋಡೋಕಾಗಲ್ಲ" ಎಂದರು.

ಮನೆಗೆ ಬಂದ ಕರಿಬಸವಯ್ಯನವರು ಚಾಪೆ ಹಾಸಿ, ತಲೆಯ ಮೇಲೆ ಕೈ ಹೊತ್ತೇ ಮಲಗಿದರು. ಹೊಟ್ಟೆ ಚುರುಗುಟ್ಟುತ್ತಿತ್ತು, ಹೆಗಲು ಸಿಡಿಯುತ್ತಿತ್ತು. ಆದರೂ ಮನೆ ಎಷ್ಟು ಮೌನವಾಗಿತ್ತೆಂದರೆ ಗಡಿಯಾರವೂ ತುದಿಗಾಲಿನಲ್ಲಿ ನಡೆಯುತ್ತಿದ್ದಂತಿತ್ತು. ಇಷ್ಟು ವರ್ಷ ಕಾದ ನಿದ್ದೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು.

ಯಾರೋ ರೆಪ್ಪೆ ಎತ್ತಿದರು.

"ತಾತ, ಒಳಗಿದೀಯಾ?"

ಪಂಕಜ ಶಾಲೆಯಲ್ಲಿದ್ದಳಲ್ಲ. ಇದು ಚಿಕ್ಕಣ್ಣನ ಮಗ ಮಹದೇವು. ವಿದ್ಯೆ ಬೀದಿಯಲ್ಲೆಲ್ಲ ಹಬ್ಬಿತ್ತು. ಅವನ ಹಿಂದೆ ಮಂಜುಳಮ್ಮನ ಮೊಮ್ಮಗಳು, ಎದುರುಮನೆಯ ಅವಳಿಜವಳಿ, ಎಲ್ಲರೂ ತಲೆಯ ಮೇಲೆ ಕೈ ಹೊತ್ತು, ಕತ್ತು ವಾಲಿಸಿ ನಿಂತಿದ್ದರು. ಬಾಗಿಲಲ್ಲಿ ಚಿಕ್ಕಣ್ಣ ಹಲ್ಲು ಕಿರಿದ.

"ಮಂಜುಳಮ್ಮೋರು ಎಲ್ಲಾನೂ ಯೋಳುದ್ರು ಸೋಮಿ. ಒಂದೇ ಬೆಳಿಗ್ಗೆ ಮಗೀನ ಸ್ಕೂಲಿಗೆ ಸೇರುಸ್ಬುಟ್ರಂತೆ. ಇವ್ಕೂ ಈಗಿಂದ್ಲೇ ಸಾಧನೆ ಮಾಡುಸ್ಬುಡಿ, ಬರೋ ವರ್ಸಕ್ಕೆ ಪಳಗ್ತವೆ. ಮದ್ಯಾನ ಎಂಗೂ ನೀವು ಬಿಡುವಾಗೇ ಇರ್ತೀರಲ್ಲ."

ಕರಿಬಸವಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಣ್ಣ ಸೈಕಲ್ ಹತ್ತಿದ್ದ. ಮಕ್ಕಳು ಚಾಪೆ ಹತ್ತಿದ್ದವು.

ಆಗ ಹಿತ್ತಿಲ ಬಾಗಿಲಿನಿಂದ ಮಂಜುಳಮ್ಮ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಬಸ್ಸಾರು, ಅದರ ಮೇಲೊಂದು ಚಮಚ ತುಪ್ಪ. ಅದನ್ನು ಅವರ ಮುಂದೆ ಚಾಚಿದರು.

ಕರಿಬಸವಯ್ಯನವರು ಎರಡೂ ಕೈ ನೀಡಿ ತಟ್ಟೆ ತೆಗೆದುಕೊಂಡರು. ಬಲಗೈ ಯಾವಾಗ ಇಳಿಯಿತೆಂದು ಅವರಿಗೆ ತಿಳಿದದ್ದು ಮೊದಲ ತುತ್ತು ಮುರಿದ ಮೇಲೆ.