ಬೆನ್ನ ಹಿಂದಿನ ಮೇಡಂ

ಮೇಷ್ಟ್ರಾದವನಿಗೆ ಬೆನ್ನಲ್ಲೂ ಎರಡು ಕಣ್ಣಿರಬೇಕು ಎನ್ನುತ್ತಾರೆ. ನನಗೆ ಇದ್ದವು. ರಬಕವಿಯ ಹೈಸ್ಕೂಲಿನಲ್ಲಿ ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಬರೆಯುತ್ತಲೇ, ಕಡೆಯ ಬೆಂಚಿನಲ್ಲಿ ಯಾರು ಶೇಂಗಾ ಸುಲಿಯುತ್ತಿದ್ದಾನೆಂದು ಹೆಸರು ಹಿಡಿದು ಹೇಳಿಬಿಡುತ್ತಿದ್ದೆ. ಅದರಲ್ಲಿ ಪವಾಡವೇನೂ ಇರಲಿಲ್ಲ, ದಿನವೂ ಶೇಂಗಾ ತರುತ್ತಿದ್ದವನು ಅವನೊಬ್ಬನೇ. ಆದರೆ ಹುಡುಗರು ಪವಾಡವೆಂದು ನಂಬಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಇಂಥ ನಾನು ನಿವೃತ್ತನಾದ ಮೇಲೆ, ನನ್ನದೇ ಬೆನ್ನ ಹಿಂದೆ ಏನಿದೆ ಎಂಬುದನ್ನು ಮಲೇಶಿಯಾದ ಮಕ್ಕಳಿಂದ ಕೇಳಿ ತಿಳಿಯಬೇಕಾಯಿತು.

ಅಲ್ಲಿನ ಒಂದು ಬ್ರಿಟಿಷ್ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನನ್ನ ಹೆಂಡತಿ ಶಾಂತಾಳ ತಂಗಿ ಸಂಗೀತ ಕಲಿಸುತ್ತಾಳೆ. ಗಣಿತದ ಟೀಚರು ಹೆರಿಗೆ ರಜೆಯ ಮೇಲೆ ಹೋದಾಗ 'ನಮ್ಮ ಭಾವನವರು ಇದ್ದಾರೆ' ಎಂದು ಅವಳು ನನ್ನ ಹೆಸರು ಹೇಳಿದಳು. ನನ್ನ ಇಂಗ್ಲಿಷ್ ಕೇಳಿದ ಮೇಲೂ ಅವರು ಒಪ್ಪಿದ್ದು ಬ್ರಿಟಿಷರ ಸೌಜನ್ಯಕ್ಕೆ ಸಾಕ್ಷಿ. ಅಲ್ಲಿ ತರಗತಿಯ ಗೋಡೆಯ ದೊಡ್ಡ ಪರದೆಯ ತುಂಬ ನಾನು ಕಾಣುತ್ತಿದ್ದೆ. ಮಕ್ಕಳ ಜೊತೆ ಮಿಸ್ ಹೆಲೆನ್ ಎಂಬ ಇಂಗ್ಲಿಷ್ ಟೀಚರು ಕೂತಿರುತ್ತಿದ್ದಳು. ಇಲ್ಲಿ ನಾನು ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಪಾಠ ಮಾಡುವಾಗ ನನ್ನ ಮೂಗು ಹೇಗೆಲ್ಲ ಅಲುಗುತ್ತದೆಂದು ಮೊದಲ ದಿನವೇ ಕಂಡು ಬೇಸರವಾಗಿ, ಪರದೆಯಲ್ಲಿ ನನ್ನ ಚಿತ್ರ ನನಗೇ ಕಾಣದಂತೆ ಮುಚ್ಚಿಬಿಟ್ಟಿದ್ದೆ.

ಅವರಿಗೆ ಶಾಲೆಯ ಹೊತ್ತು, ನಮಗೆ ಆಗಷ್ಟೇ ಬೆಳಗು. ಓಣಿಯ ಮಗ್ಗಗಳು ಇನ್ನೂ ಶುರುವಾಗಿರುವುದಿಲ್ಲ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದ ನಮ್ಮಂಥವರಿಗೆ ಆ ಮೌನ ಹಿತವಲ್ಲ. ಯಾರೋ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಂತೆ ಅನಿಸುತ್ತದೆ. ಮಕ್ಕಳು 'ಗುಡ್ ಮಾರ್ನಿಂಗ್ ಸರ್, ಗುಡ್ ಮಾರ್ನಿಂಗ್ ಮೇಡಂ' ಎನ್ನುತ್ತಿದ್ದರು. ಮೇಡಂ ಎಂದರೆ ಮಿಸ್ ಹೆಲೆನ್ ಎಂದುಕೊಂಡೆ. ಪಾಠದ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದ ಶಾಂತಾ, "ಪಾಠ ಈಗ ಸುರು ಆಗೇತಿ, ಈಗ್ಲೇ ಯಾರಿಗ್ರೀ ಟಾಟಾ ಮಾಡಾಕತ್ತೀರಿ?" ಎಂದಳು. "ಅದು ಬ್ರಿಟಿಷರ ಪದ್ಧತಿ, ನಿನಗ ತಿಳಿಯೂದಿಲ್ಲ" ಎಂದು ಬಾಯಿ ಮುಚ್ಚಿಸಿದೆ.

ಒಂದು ದಿನ ಏಮಿ ಎಂಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನಿಮ್ಮ ಹಿಂದಿರುವ ಅಜ್ಜಿ ಯಾವಾಗಲೂ ನಮಗೆ ಕೈ ಬೀಸುತ್ತಾರಲ್ಲ, ಅವರು ಯಾಕೆ ಅರ್ಧವೇ ಕಾಣುತ್ತಾರೆ? ನೆಲದೊಳಗೆ ನಿಂತಿದ್ದಾರಾ?"

ನಾನು ತಿರುಗಿ ನೋಡಿದೆ. ಖಾಲಿ ನೆಲ, ಬರೀ ಗೋಡೆ, ಚಿಲಕ ಹಾಕಿದ ಹಿತ್ತಿಲ ಬಾಗಿಲು. ಬಿಳಿ ಕೂದಲು, ಹಣೆಯ ಮೇಲೆ ಬೂದಿಯ ಗೆರೆ ಎಂದು ಮಕ್ಕಳು ಗುರುತು ಹೇಳಿದರು. ಆ ದಿನ ನಾನು ಕಲಿಸಿದ ಭಿನ್ನರಾಶಿ ಆ ಮಕ್ಕಳ ತಲೆಗೆ ಹತ್ತಿರಲಾರದು. ಶಾಂತಾಳಿಗೆ ಹೇಳಿದರೆ, "ನಿಮ್ಮ ನೆರಳ ನೋಡಿರಬೇಕು ಬಿಡ್ರಿ" ಎಂದಳು. "ನೆರಳಿಗೆ ಬಿಳಿ ಕೂದಲು, ಹಣಿಮ್ಯಾಲ ಈಬತ್ತಿ ಇರ್ತಾವೇನ?" ಎಂದೆ. ಮರುದಿನದಿಂದ ಆ ಕೋಣೆ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಸಂಜೆ ಮಿಸ್ ಹೆಲೆನ್ ಫೋನು ಮಾಡಿದಳು. ಮಕ್ಕಳ ಸುರಕ್ಷತೆಯ ನಿಯಮವಂತೆ: ಪಾಠದ ಹೊತ್ತಿಗೆ ಕೋಣೆಯಲ್ಲಿ ಬೇರೆ ದೊಡ್ಡವರಿದ್ದರೆ ಅವರ ಹೆಸರು ತಿಳಿಸಿ ಪೊಲೀಸರ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಪಾಠ ನಿಲ್ಲಿಸಬೇಕಾಗುತ್ತದೆ. "ಕೋಣೆಯಲ್ಲಿ ಯಾರೂ ಇಲ್ಲ" ಎಂದೆ. ಆಕೆ, "ಸರ್, ನಾನೂ ನೋಡಿದ್ದೇನೆ. ತುಂಬಾ ಗಂಭೀರವಾದ ಮುಖ" ಎಂದಳು. ಅಲ್ಲಿಯವರೆಗೆ ಹುಡುಗರ ಚೇಷ್ಟೆ ಎಂಬ ಒಂದು ಆಸೆ ಉಳಿದಿತ್ತು, ಅದೂ ಹೋಯಿತು. ಸತ್ತವರ ನಡತೆ ಒಳ್ಳೆಯದೆಂದು ನಮ್ಮ ಠಾಣೆಯವರು ಬರೆದುಕೊಡುತ್ತಾರೆಯೇ ಎಂದು ಯೋಚಿಸುತ್ತ ಮನೆಯ ಮಾಲೀಕ ಬಸಪ್ಪನನ್ನು ಕಾಣಲು ಬನಹಟ್ಟಿಗೆ ಹೋದೆ.

ಬಸಪ್ಪನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳ ಗದ್ದಲ. ಗುಟ್ಟಿನ ಮಾತನ್ನೂ ಕೂಗಿಯೇ ಹೇಳಬೇಕು. ನಾನು ಅವನ ಕಿವಿಗೆ ಬಾಯಿ ಹಚ್ಚಿ, "ನಿಮ್ಮ ಮನಿಯಾಗ ದೆವ್ವ ಐತೇನ್ರೀ?" ಎಂದು ಗಂಟಲು ಹರಿಯುವಂತೆ ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನೇಕಾರರೆಲ್ಲ ತಿರುಗಿ ನನ್ನನ್ನೇ ನೋಡಿದರು. ಬಸಪ್ಪ ನನ್ನ ಕೈ ಹಿಡಿದು ಹೊರಗೆ ಎಳೆದು ತಂದ. ಮಕ್ಕಳು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕಟ್ಟೆಯ ಮೇಲೆ ಕುಸಿದು ಕೂತ.

"ಕೈ ಬೀಸೂದಲ್ಲರೀ ಅದು, ಮಗ್ಗದ ಲಾಳಿ ಓಡಸೂದು" ಎಂದು ತನ್ನ ಕೈಯನ್ನು ಅತ್ತಿತ್ತ ಆಡಿಸಿ ತೋರಿಸಿದ. "ಅಲ್ಲಿ ನಮ್ಮವ್ವನ ಕೈಮಗ್ಗ ಇತ್ತು. ಕಾಲು ಕುಣಿಯೊಳಗ ಇಳಿಬಿಟ್ಟು ಕುಂತು ನೇಯ್ತಿದ್ಲು. ಅಕಿ ಹೋದ ಮ್ಯಾಲ ಕುಣಿ ಮುಚ್ಚಿ ಸಿಮೆಂಟ್ ಮಾಡಿಸಿದೆ." ಆಮೇಲೆ ತಗ್ಗಿದ ದನಿಯಲ್ಲಿ, "ಅಕಿ ಹೋಗೂ ಮುಂದ ನಾ ಸೀರಿ ಮಾರಾಕ ಸೊಲ್ಲಾಪುರಕ್ಕ ಹೋಗಿದ್ದೆ. ಅಕಿ ಮಾರಿ ನೋಡಾಕ ಸಿಗಲಿಲ್ಲ. ಹೆಂಗದಾಳಂತರೀ? ಸೊರಗ್ಯಾಳೇನು? ನಾಳೆ ನಾ ಬರ್ಲೇನ್ರೀ?" ಎಂದ.

ಬೇಡ ಎನ್ನಲು ಬಾಯಿ ಬರಲಿಲ್ಲ. ಮರುದಿನ ಬಸಪ್ಪ ಮಿಂದು, ಮಡಿ ಅಂಗಿ ತೊಟ್ಟು ಬಂದ. ಇವರು ಮನೆಯ ಮಾಲೀಕರು, ಅಜ್ಜಿಯ ಮಗ ಎಂದು ಪರಿಚಯಿಸಿದೆ. ಮಿಸ್ ಹೆಲೆನ್ ನಿಯಮದ ಮಾತೆತ್ತಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಇಣುಕಿದ. ಮುಚ್ಚಿಟ್ಟಿದ್ದ ನಮ್ಮ ಕಡೆಯ ಚಿತ್ರವನ್ನು ತೆರೆದು ತೋರಿಸಿದೆ, ಅವನಿಗೂ ಬರಿ ಗೋಡೆಯೇ ಕಂಡಿತು. "ಎಲ್ಲಿ ಅದಾಳ ಕೇಳ್ರಿ" ಎಂದ. ಕೇಳಿದೆ. ಮಕ್ಕಳು ಎಡಕ್ಕೆ ಎಂದರು. ಅವರ ಎಡವೋ ನಮ್ಮ ಎಡವೋ ತಿಳಿಯದೆ, ಇಡೀ ಆಯುಷ್ಯ ರೇಖಾಗಣಿತ ಕಲಿಸಿದ ನಾನು ಅವನನ್ನು ಮೊದಲು ಮೂಲೆಯ ಅಕ್ಕಿಯ ಡಬ್ಬಿಯ ಮುಂದೆ ನಿಲ್ಲಿಸಿದೆ. ಆಮೇಲೆ ಸರಿಸಿದೆ.

"ಈಗ ಅಂಕಲ್ ಅಜ್ಜಿಯ ಎದುರಿಗಿದ್ದಾರೆ" ಎಂದಳು ಏಮಿ. "ಅಜ್ಜಿ ಕೈ ನಿಲ್ಲಿಸಿದರು. ಅಂಕಲ್ ಅವರನ್ನೇ ನೋಡುತ್ತಿದ್ದಾರೆ."

ಬಸಪ್ಪ ಖಾಲಿ ನೆಲಕ್ಕೆ ಕೈ ಮುಗಿದು, "ಯವ್ವಾ, ಬಂದೇನಿ" ಎಂದ. ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ನನ್ನ ಪಾದದ ಕೆಳಗಿನ ಸಿಮೆಂಟು ಬಾವಿಯ ಮೆಟ್ಟಿಲಂತೆ ತಣ್ಣಗಾಯಿತು. ಏಮಿಯ ದನಿ ಪಿಸುಮಾತಾಯಿತು: "ಸರ್, ಅಜ್ಜಿ ಎದ್ದು ನಿಂತರು. ಈಗ ಕಾಲುಗಳೂ ಕಾಣುತ್ತಿವೆ... ಅಂಕಲ್ ಅವರ ಮುಖ ಮುಟ್ಟಿದರು... ಬಾಗಿಲಿನಿಂದ ಹೊರಗೆ ಹೋದರು."

ನಾನು ಬಾಗಿಲನ್ನೇ ನೋಡುತ್ತಿದ್ದೆ. ಹಾಕಿದ ಚಿಲಕ ಹಾಗೆಯೇ ಇತ್ತು. ಬಸಪ್ಪ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದು, ಚಹಾನೂ ಕುಡಿಯದೆ ಹೊರಟುಹೋದ.

ಆಮೇಲೆ ಆಕೆ ಯಾರಿಗೂ ಕಾಣಿಸಲಿಲ್ಲ. ನನ್ನ ಪಾಠ ಉಳಿಯಿತು, ಶಾಂತಾ ಮತ್ತೆ ಆ ಕೋಣೆ ಗುಡಿಸತೊಡಗಿದಳು. ಇನ್ನು ನಿಶ್ಚಿಂತೆಯಿಂದ ಕಲಿಸಬಹುದೆಂದು ಹುರುಪಿನಿಂದ ಬೀಜಗಣಿತ ಶುರು ಮಾಡಿದೆ. ನೋಡಿದರೆ ತರಗತಿಗೆ ತರಗತಿಯೇ ಜೋಲುಮುಖ ಹಾಕಿಕೊಂಡು ಕೂತಿದೆ. "ಏನಾಯಿತು, ಹುಷಾರಿಲ್ಲವೇ?" ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗ ನಿಟ್ಟುಸಿರು ಬಿಟ್ಟು, ಬ್ರಿಟಿಷ್ ಶಾಲೆ ಕಲಿಸಿದ ಸೌಜನ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದ: "ಕ್ಷಮಿಸಿ ಸರ್, ಇನ್ನು ಮೇಲೆ ನಾವು ನಿಮ್ಮನ್ನಷ್ಟೇ ನೋಡಬೇಕಲ್ಲ."